ಒಂದು ಬಿಲ್ಲೂ ಹರಿಯದ ಕಂಪನಿ ರದ್ದಾಗಿದೆ. ರಿಟರ್ನ್ ಹಾಕಬೇಕಾ?

ಪ್ರಶ್ನೆ: ನಾನು, ನಮ್ಮ ಭಾವ ಸೇರಿ 2021ರ ಆಗಸ್ಟ್‌ನಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದ್ವಿ. ಮಂಡಕ್ಕಿಯನ್ನು ಪ್ಯಾಕೆಟ್ ಮಾಡಿ ಬೆಂಗಳೂರಿಗೆ ಕಳಿಸುವ ಆಸೆ ಇತ್ತು. ಪ್ಯಾಕಿಂಗ್ ಮೆಷಿನ್ನೇ ಬರಲಿಲ್ಲ, ಒಂದು ಬಿಲ್ಲೂ ಹರಿಯಲಿಲ್ಲ. ಬಂಡವಾಳದ 1 ಲಕ್ಷವನ್ನು 2022-23ರಲ್ಲಿ ಒಂದು ವರ್ಷ ಎಫ್‌ಡಿ ಇಟ್ಟಿದ್ವಿ, ಅಷ್ಟೇ. 2024ರ ನವೆಂಬರ್‌ನಲ್ಲಿ ಆರ್‌ಓಸಿಯವರೇ (ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿ) ಕಂಪನಿಯನ್ನು ರದ್ದು ಮಾಡಿದ್ದಾರೆ. ಇಲ್ಲದ ಕಂಪನಿಗೆ ಎಂಥ ರಿಟರ್ನ್, ಅಲ್ವಾ?
— ಓದುಗರು, ದಾವಣಗೆರೆ

ಉತ್ತರ: ರದ್ದಾದ ದಿನದಿಂದ ಈಚೆಗೆ ನೀವು ಹಾಕಬೇಕಾದ್ದು ಏನೂ ಇಲ್ಲ. ಆದರೆ ಕಂಪನಿ ಹುಟ್ಟಿದ ದಿನದಿಂದ ರದ್ದಾದ ದಿನದವರೆಗೆ ಪ್ರತಿ ವರ್ಷಕ್ಕೂ ರಿಟರ್ನ್ ಹಾಕಬೇಕಿತ್ತು. ನಿಮ್ಮ ಲೆಕ್ಕದಲ್ಲಿ ನಾಲ್ಕು: 2021-22, 2022-23, 2023-24, ಮತ್ತು 2024ರ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ತುಂಡು ವರ್ಷ.

ಈ ಪ್ರಶ್ನೆಯನ್ನು ನನಗೆ ತುಂಬಾ ಜನ ಕೇಳುತ್ತಾರೆ. ಕೇಳುವವರ ತಪ್ಪೂ ಅಲ್ಲ. ನಮ್ಮೂರಲ್ಲಿ ವ್ಯಾಪಾರ ಅಂದರೆ ಅಂಗಡಿ. ಮಂಡಿಪೇಟೆಯಲ್ಲಿ ಒಬ್ಬರು ಅಂಗಡಿ ಬಾಗಿಲು ಹಾಕಿದರೆ ವ್ಯಾಪಾರ ಮುಗಿಯಿತು. ಅವರ ಆದಾಯ ಮಿತಿಯೊಳಗೆ ಇದ್ದರೆ ಸಾಮಾನ್ಯವಾಗಿ ರಿಟರ್ನೂ ಬೇಕಿಲ್ಲ. ಕಂಪನಿ ಹಾಗಲ್ಲ. ಅದು ಕಾನೂನಿನ ಕಣ್ಣಿಗೆ ನಿಮ್ಮಿಂದ ಬೇರೆಯೇ ಆದ ಒಬ್ಬ ವ್ಯಕ್ತಿ. ನೀವು ಮೆಷಿನ್ ತರಿಸಿದ್ರೋ ಇಲ್ವೋ, ನೋಂದಣಿಯಾದ ದಿನವೇ ಅದು ಹುಟ್ಟಿತು. ಅದಕ್ಕೆ ಪ್ಯಾನ್, ಟ್ಯಾನ್ ಬಂತು, ಪಿಎಫ್, ಇಎಸ್ಐ ನಂಬರ್ ಕೂಡ ಅದೇ ಅರ್ಜಿಯಲ್ಲಿ ಬಂದಿರುತ್ತೆ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 139(1) ಪ್ರಕಾರ ಲಾಭ ಇರಲಿ, ನಷ್ಟ ಇರಲಿ, ಸೊನ್ನೆ ಇರಲಿ, ಕಂಪನಿ ರಿಟರ್ನ್ ಹಾಕಲೇಬೇಕು. ಫಾರಂ ಐಟಿಆರ್-6, ಗಡುವು ಸಾಮಾನ್ಯವಾಗಿ ಅಕ್ಟೋಬರ್ 31. ಸೊನ್ನೆ ವ್ಯಾಪಾರವಾದರೂ ಆಡಿಟ್ ಆಗಬೇಕು.

ಇನ್ನೊಂದು ಮಾತು. 'ಒಂದು ರೂಪಾಯಿ ಆದಾಯ ಇಲ್ಲ' ಅನ್ನುವವರ ಪಾಸ್‌ಬುಕ್ ತೆಗೆಸಿ ನೋಡಿದರೆ ಬಹಳ ಸಲ ಆದಾಯ ಇರುತ್ತೆ. ನಿಮ್ಮ ಎಫ್‌ಡಿಯನ್ನೇ ನೋಡಿ. 1 ಲಕ್ಷಕ್ಕೆ 6,000 ಬಡ್ಡಿ ಬಂತು ಅನ್ನೋಣ. ನಿಮಗೆ, ನನಗೆ ಇರುವ ಹಾಗೆ 'ಇಷ್ಟರವರೆಗೆ ತೆರಿಗೆ ಇಲ್ಲ' ಅನ್ನುವ ಮಿತಿ ಕಂಪನಿಗೆ ಇಲ್ಲ. ಮೊದಲ ರೂಪಾಯಿಯಿಂದಲೇ ತೆರಿಗೆ. ಶೇ. 25, ಅದರ ಮೇಲೆ ಶೇ. 4 ಸೆಸ್, ಅಂದರೆ 1,560 ರೂಪಾಯಿ. ಬಡ್ಡಿ ಕಡಿಮೆ ಅಂತ ಬ್ಯಾಂಕು ಟಿಡಿಎಸ್ ಕಡಿದಿರಲ್ಲ, ಆದರೆ ಇಲಾಖೆಯ ಎಐಎಸ್‌ನಲ್ಲಿ (ನಿಮ್ಮ ಪ್ಯಾನ್‌ಗೆ ಸೇರಿದ ಹಣದ ವ್ಯವಹಾರಗಳ ಪಟ್ಟಿ) ಆ ಬಡ್ಡಿ ಕಾಣುತ್ತೆ. ವ್ಯಾಪಾರವೇ ಮಾಡದ ಕಂಪನಿಗೂ ನೋಟಿಸ್ ಬರುವುದು ಇಂಥ ಕಡೆಯಿಂದ.

ಈಗ ಏನು ಮಾಡಬಹುದು? ತಡವಾದ ರಿಟರ್ನ್ ಹಾಕಲು ಆಯಾ ಅಸೆಸ್‌ಮೆಂಟ್ ವರ್ಷದ (ಆದಾಯ ಬಂದ ವರ್ಷದ ಮುಂದಿನ ಹಣಕಾಸು ವರ್ಷ) ಡಿಸೆಂಬರ್ 31ರವರೆಗೆ ಅವಕಾಶ ಇರುತ್ತಿತ್ತು. ಆದಾಯ 5 ಲಕ್ಷದೊಳಗಿದ್ದರೆ ತಡದ ಶುಲ್ಕ 1,000 ರೂಪಾಯಿ. ಆ ದಿನ ದಾಟಿದ ಮೇಲೆ ಉಳಿಯುವುದು ಐಟಿಆರ್-ಯು, ಅಂದರೆ ಅಪ್‌ಡೇಟೆಡ್ ರಿಟರ್ನ್. ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 48 ತಿಂಗಳವರೆಗೆ ಅದನ್ನು ಹಾಕಬಹುದು. ನಿಮ್ಮ ಎಫ್‌ಡಿ ವರ್ಷಕ್ಕೆ ಅದು 2028ರ ಮಾರ್ಚ್‌ವರೆಗೆ. ತೆರಿಗೆ, ಬಡ್ಡಿ, ತಡದ ಶುಲ್ಕದ ಜೊತೆಗೆ ಹೆಚ್ಚುವರಿ ತೆರಿಗೆಯೂ ಸೇರುತ್ತೆ. ವರ್ಷ ಕಳೆದ ಹಾಗೆ ಅದು ಶೇ. 25, 50, 60, 70 ಅಂತ ಏರುತ್ತಾ ಹೋಗುತ್ತೆ. 1,560ರ ಮೇಲೆ ಇದು ದೊಡ್ಡ ಮೊತ್ತವಲ್ಲ, ಕಟ್ಟಿ ಮುಗಿಸಿಬಿಡಿ.

ಸೊನ್ನೆ ಆದಾಯದ ವರ್ಷಗಳದ್ದು ಬೇರೆ ಕತೆ. ಐಟಿಆರ್-ಯು ಇರುವುದು ಜಾಸ್ತಿ ತೆರಿಗೆ ಕಟ್ಟುವವರಿಗೆ. ಸೊನ್ನೆ ರಿಟರ್ನ್ ಅದರಲ್ಲಿ ಹೋಗಲ್ಲ. ಅಂಥ ವರ್ಷಗಳಿಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಒಂದು ಪುಟದ ಬ್ಯಾಲೆನ್ಸ್ ಶೀಟ್ ತಯಾರಿಸಿ ಫೈಲು ಮಾಡಿ ಇಟ್ಟುಕೊಳ್ಳಿ. ನೋಟಿಸ್ ಬಂದರೆ ಗಡುವಿನೊಳಗೆ ಉತ್ತರ ಕೊಡಿ. 'ಕಂಪನಿಯೇ ಇಲ್ಲ' ಅಂತ ಸುಮ್ನೆ ಕೂರಬೇಡಿ. ಒಬ್ಬರು ನನ್ನ ಟೇಬಲ್ ಮೇಲೆ ಮೂರು ಕವರ್ ತಂದಿಟ್ಟಿದ್ದರು. ಮೂರೂ ಒಡೆದಿರಲಿಲ್ಲ. ಮೊದಲನೆಯದನ್ನು ಬಂದ ವಾರವೇ ಒಡೆದಿದ್ದರೆ ಎರಡು ಸಾಲಿನ ಉತ್ತರದಲ್ಲಿ ಮುಗಿಯುವ ವಿಷಯ ಅದು.

ಹೀಗೆ ಒತ್ತಿ ಹೇಳಲು ಕಾರಣ ಇದೆ. ತೆರಿಗೆ ಬಾಕಿ ಸಣ್ಣದಿದ್ದರೆ ರಿಟರ್ನ್ ಹಾಕದ್ದಕ್ಕೆ ಕ್ರಿಮಿನಲ್ ಕೇಸು ಇಲ್ಲ ಅನ್ನುವ ರಿಯಾಯಿತಿಯನ್ನು 2018ರ ಬಜೆಟ್‌ನಲ್ಲಿ ಕಂಪನಿಗಳಿಗೆ ತೆಗೆದುಹಾಕಿದರು. ಹೆಸರಿಗಷ್ಟೇ ಇರುವ ಕಂಪನಿಗಳಿಂದ ಕಪ್ಪು ಹಣ ಓಡಾಡುವುದನ್ನು ತಡೆಯಲು ಮಾಡಿದ್ದು. ಆದರೆ ಮಂಡಕ್ಕಿ ಮಾರಲು ಹೊರಟ ನಿಮ್ಮಂಥವರಿಗೂ ಅದೇ ನಿಯಮ. ಕಂಪನಿ ರದ್ದಾದರೂ ಡೈರೆಕ್ಟರುಗಳ ಹೊಣೆ ಹಾಗೇ ಉಳಿಯುತ್ತೆ ಅಂತ ಕಂಪನಿ ಕಾಯ್ದೆಯ ಸೆಕ್ಷನ್ 248(7) ಹೇಳುತ್ತೆ. ಕಂಪನಿಯ ಹೆಸರು ಪಟ್ಟಿಯಿಂದ ಹೋಯಿತು ಅನ್ನುವ ಕಾರಣಕ್ಕೇ ತೆರಿಗೆ ಕೇಸು ಬಿದ್ದುಹೋಗಲ್ಲ ಅಂತ ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಹೇಳಿದೆ.

ನಿಮ್ಮದು ಆರ್‌ಓಸಿಯವರೇ ತೆಗೆದುಹಾಕಿದ ಕಂಪನಿ. ಮೂರು ವರ್ಷ ಸತತವಾಗಿ ಅಲ್ಲಿಯ ಲೆಕ್ಕವನ್ನೂ ಸಲ್ಲಿಸದಿದ್ದರೆ ನೀವು, ನಿಮ್ಮ ಭಾವ ಇಬ್ಬರೂ ಐದು ವರ್ಷ ಡೈರೆಕ್ಟರ್ ಆಗುವಂತಿಲ್ಲ. ಭಾವನವರು ಬೇರೆ ಕಂಪನಿಯಲ್ಲಿ ಇದ್ದರೆ ಇದನ್ನು ಅವರಿಗೆ ಇವತ್ತೇ ತಿಳಿಸಿ.

ಇದನ್ನು ಓದುತ್ತಿರುವ ಬೇರೆ ಯಾರದ್ದಾದರೂ ಕಂಪನಿ ಹೀಗೇ ಸುಮ್ನೆ ಕೂತಿದ್ದರೆ, ತಾನಾಗಿ ರದ್ದಾಗಲಿ ಅಂತ ಕಾಯಬೇಡಿ. ಆರ್‌ಓಸಿಗೆ ಪ್ರತಿ ವರ್ಷ ಸಲ್ಲಿಸುವ ಎಓಸಿ-4 (ಲೆಕ್ಕಪತ್ರ), ಎಂಜಿಟಿ-7 (ವಾರ್ಷಿಕ ವಿವರ) ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ ಬೆಳೆಯುತ್ತೆ. ನೀವೇ ಎಸ್‌ಟಿಕೆ-2 ಅರ್ಜಿ ಹಾಕಿ ಮುಚ್ಚಿಸಬಹುದು.

ಕಂಪನಿಯ ಪ್ಯಾನ್ ಕಾರ್ಡನ್ನು ಈಗಲೇ ವಾಪಸ್ ಕೊಡಬೇಡಿ. ರಿಟರ್ನ್ ಹಾಕಲು ಲಾಗಿನ್ ಆಗುವುದೇ ಆ ನಂಬರಿನಿಂದ. ಕಂಪನಿ ರಿಟರ್ನಿಗೆ ಡೈರೆಕ್ಟರ ಡಿಜಿಟಲ್ ಸಹಿಯೂ ಬೇಕು. 2021ರಲ್ಲಿ ಮಾಡಿಸಿದ ಆ ಪೆನ್‌ಡ್ರೈವ್ ಥರದ ಟೋಕನ್ ಬೀರುವಿನಲ್ಲಿ ಎಲ್ಲೋ ಬಿದ್ದಿರುತ್ತೆ. ಅದರೊಳಗಿನ ಸಹಿಯ ಅವಧಿ ಮುಗಿದಿದೆ, ಹೊಸದು ಮಾಡಿಸಿ. ರದ್ದಾದ ದಿನಾಂಕ ಆರ್‌ಓಸಿ ಹೊರಡಿಸಿದ ಎಸ್‌ಟಿಕೆ-7 ನೋಟಿಸಿನಲ್ಲಿ ಇರುತ್ತೆ. ಅದನ್ನು ಪ್ರಿಂಟ್ ತೆಗೆದು ಫೈಲಿನ ಮೊದಲ ಹಾಳೆಯಾಗಿ ಹಾಕಿ, ಬಾಕಿ ತೆರಿಗೆ ಕಟ್ಟಿ ಎಲ್ಲಾ ಮುಗಿದ ಮೇಲೆ ಪ್ಯಾನ್ ರದ್ದು ಮಾಡಿ ಅಂತ ಅಧಿಕಾರಿಗೆ ಅರ್ಜಿ ಕೊಡಿ.