ವಟಮುಖತ್ಯಾರ ಪತ್ರ ಅಂದ್ರ ‘ವಕೀಲರ ಶಕ್ತಿ’ ಅಲ್ಲ

ಹೋದ ವಾರ ನವಲಗುಂದ ಕಡೆಯವರು ಒಬ್ಬರು ಹಿರಿಯರು ಧಾರವಾಡದಾಗಿನ ನನ್ನ ಟೈಪಿಂಗ್ ಅಂಗಡಿಗೆ ಬಂದಿದ್ರು, ಕೈಯಾಗ ಎರಡು ಹಾಳಿ. ಬೆಂಗಳೂರಾಗ ಇರೂ ಮಗ ಯಾವುದೋ ಇಂಗ್ಲಿಷ್ ‘ಪವರ್ ಆಫ್ ಅಟಾರ್ನಿ’ ನಮೂನೆ, ಅಂದ್ರ ನನ್ನ ಪರವಾಗಿ ಇಂಥವರು ಕೆಲಸ ಮಾಡಲಿ ಅಂತ ಬರದುಕೊಡೂ ಪತ್ರ, ಹುಡುಕಿ, ಫೋನಿನಾಗ ಕನ್ನಡಕ್ಕ ತಿರುವಿ ಕಳಿಸಿಕೊಟ್ಟಾನ, ಅದನ್ನ ಬಾಂಡ್ ಮ್ಯಾಲೆ ಹೊಡದು ಕೊಡ್ರಿ ಅಂತ. ತಲಿಬರಹ ದಪ್ಪ ಅಕ್ಷರದಾಗ ‘ವಕೀಲರ ಶಕ್ತಿ’. ಕೆಳಗ ‘ನನ್ನ ಅಳಿಯನಿಗೆ ನನ್ನ ಸಂಪೂರ್ಣ ಶಕ್ತಿಯನ್ನು ನೀಡಿರುತ್ತೇನೆ’. ಅಜ್ಜಾರು ಆ ತಲಿಬರಹದ ಮ್ಯಾಲೆ ಬೆರಳಿಟ್ಟು, “ತಮ್ಮಾ, ಇದರಾಗ ವಕೀಲ್ರು ಯಾಕ ಬಂದ್ರೋ, ನಾ ಯಾವ ವಕೀಲ್ರನ್ನೂ ಹಿಡಿದಿಲ್ಲಲಾ” ಅಂದ್ರು.

ಬರೋಬರಿ ಕೇಳಿದ್ರು. ಆ ಹಾಳಿ ಮ್ಯಾಲಿನ ತಪ್ಪು ಅವರಿಗೆ ಒಂದು ಸರ್ತಿ ಕಣ್ಣಿಗೆ ಬಿತ್ತು, ಓದಿದವರಿಗೆ ಬೀಳೂದಿಲ್ಲ. ಪವರ್, ಅಥಾರಿಟಿ, ಫೋರ್ಸ್ ಎಲ್ಲಾ ಒಂದ ಅನ್ನೂ ಹಂಗ ಅರ್ಜಿ ಬರಕೊಂಡು ಬರವರು ವಾರಕ್ಕ ನಾಕು ಮಂದಿ ಸಿಗ್ತಾರ, ಸೊಸೈಟಿ ಠರಾವಿನಾಗ ‘ಅಧ್ಯಕ್ಷರಿಗೆ ಸಹಿ ಮಾಡುವ ಪವರ್ ಇರುತ್ತದೆ’ ಅಂತಾರ, ಅದ ಹಾಳಿ ಕೆಳಗ ‘ಅಥಾರಿಟಿಯನ್ನು ಬಳಸಿ ಒತ್ತಾಯದಿಂದ ವಸೂಲಿ’ ಅಂತಾರ. ಅದಕ್ಕ ಒಮ್ಮೆ ಕೂತು ಬರದುಬಿಡೂಣು ಅಂತ ಬರಿಯಾಕತ್ತೇನಿ.

ಮೊದಲ ಅಟಾರ್ನಿ. ಸಿನಿಮಾ ನೋಡಿ ನೋಡಿ ನಮಗ ಅಟಾರ್ನಿ ಅಂದ್ರ ಕರೀ ಕೋಟಿನವರು ಅಂತ ಕೂತುಬಿಟ್ಟೈತಿ, ಅಮೇರಿಕಾದಾಗ ವಕೀಲರನ್ನ ಹಂಗ ಕರೀತಾರ ಅನ್ನೂದೂ ಖರೇನ. ಆದ್ರ ಆ ಶಬ್ದ ಹಳೇ ಫ್ರೆಂಚಿನಿಂದ ಬಂದದ್ದು, ಅಲ್ಲಿ ಅದರ ಅರ್ಥ ‘ನೇಮಿಸಲ್ಪಟ್ಟವನು’, ಒಬ್ಬರ ಜಾಗಾದಾಗ ನಿಂದ್ರಾಕ ಗೊತ್ತುಮಾಡಿದವನು ಅಷ್ಟ. ಆತ ವಕೀಲ ಇರಬಹುದು, ಅಳಿಯ ಇರಬಹುದು, ಬಾಜೂಮನಿಯವ ಇರಬಹುದು. ನಮ್ಮ ಕಡೆ ಹಳೇ ಕಾಗದದಾಗೆಲ್ಲಾ ಇದಕ್ಕ ವಟಮುಖತ್ಯಾರ ಪತ್ರ ಅಂತಾರ, ಈಗಿನವರು ಈ ಮಾತು ಹಳೇದಾತು ಅಂತ ಬಿಡಾಕತ್ತಾರ, ಬಿಡಬಾರದು. ಮುಖತ್ಯಾರ ಅನ್ನೂದು ಅರಬ್ಬಿ ‘ಮುಖ್ತಾರ್’ ಶಬ್ದದಿಂದ ಬಂದದ್ದು, ಅದರ ಅರ್ಥ ‘ಆರಿಸಲ್ಪಟ್ಟವನು’. ಒಂದು ಭಾಷಾದಾಗ ನೇಮಿಸಿದವನು, ಇನ್ನೊಂದರಾಗ ಆರಿಸಿದವನು. ಎರಡರಾಗೂ ಇನ್ನೊಬ್ಬ ಮನುಷ್ಯಾ ಹಿಂದ ನಿಂತಾನ, ನೇಮಿಸಿದವ, ಆರಿಸಿದವ. ಅವನನ್ನ ಮರತು ಬರೀ ‘ಶಕ್ತಿ’ ಅಂತ ಬರದ್ರ ಪತ್ರದ ಜೀವಾನ ಹೋದಂಗ.

ಇದು ಬರೇ ಶಬ್ದದ ಜಗಳ ಅಲ್ಲ. 1882ರ ಪವರ್ ಆಫ್ ಅಟಾರ್ನಿ ಕಾಯ್ದೆದಾಗ ಒಂದು ಕಲಮು ಐತಿ, ಪವರ್ ಆಫ್ ಅಟಾರ್ನಿ ತಗೊಂಡವ ತನ್ನ ಹೆಸರಿಲೆ, ತನ್ನ ಸಹಿಲೆ ಕಾಗದ ಮಾಡಬಹುದು, ಆದ್ರ ಅದನ್ನ ಪವರ್ ಕೊಟ್ಟವನ ಅಥಾರಿಟಿಯಿಂದ ಮಾಡಿದಂಗ ಅಂತ. ಒಂದ ವಾಕ್ಯದಾಗ ಎರಡೂ ಶಬ್ದ, ಎರಡೂ ತಮ್ಮ ತಮ್ಮ ಜಾಗಾದಾಗ. ಮಾಡಾಕ ಬರೂದು ಪವರ್. ಮಾಡಿದ್ದು ಯಾರ ಒಪ್ಪಿಗಿ ಮ್ಯಾಲೆ ನಿಂತತಿ ಅನ್ನೂದು ಅಥಾರಿಟಿ. ಕೊಟ್ಟವರು ತೀರಿಕೊಂಡ್ರ ಸಾಮಾನ್ಯವಾಗಿ ಆ ಪತ್ರಾನೂ ಅಲ್ಲಿಗೆ ಮುಗೀತತಿ, ತಗೊಂಡವನ ಕೈಯಾಗ ಹಾಳಿ ಇದ್ರೂ ಅದರ ಬೇರು ಕಿತ್ತು ಹೋಗಿರ್ತತಿ. ಎಷ್ಟೋ ಮಂದಿಗೆ ಇದು ಗೊತ್ತಿರೂದಿಲ್ಲ, ಪವರ್ ಬಂತು ಅಂದ್ರ ಹೊಲ ತಮ್ಮದ ಆತು ಅಂತ ತಿಳಕೊಂಡು ರೊಕ್ಕಾ ಕೊಟ್ಟು ಕುಂತಿರ್ತಾರ. ಬರೇ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮ್ಯಾಲೆ ಮಾಲಕಿ ಬದಲಾಗೂದಿಲ್ಲ, ನೋಂದಾಯಿಸಿದ ಖರೇದಿ ಪತ್ರಾನ ಬೇಕು ಅಂತ ಸುಪ್ರೀಂ ಕೋರ್ಟ್ 2011ರಾಗ ಬಿಚ್ಚಿ ಹೇಳೇತಿ, ಹೇಳಿ ಇಷ್ಟು ವರ್ಷ ಆದ್ರೂ ಸೈಟ್ ಮಾರಾಟದ ಮಾತಿನಾಗ ಇನ್ನೂ ‘ಪವರ್ ಕೊಡ್ತೇವಿ ತಗೋರಿ’ ಅಂತ ಕೇಳಾಕ ಸಿಗತತಿ.

ಈ ಕಲಸುಮೇಲೋಗರಕ್ಕ ನಮ್ಮ ‘ಅಧಿಕಾರ’ ಅನ್ನೂ ಶಬ್ದಾನೂ ಒಂದು ಕಾರಣ ಅಂತ ನನಗ ಅನಸ್ತತಿ. ಕನ್ನಡದಾಗ ಅದು ಪವರ್‌ಗೂ ನಡೀತತಿ, ಅಥಾರಿಟಿಗೂ ನಡೀತತಿ. ‘ಅಧಿಕಾರಕ್ಕ ಬಂದ್ರು’ ಅಂದ್ರ ಪವರ್, ‘ಸಹಿ ಮಾಡೂ ಅಧಿಕಾರ ಇಲ್ಲ’ ಅಂದ್ರ ಅಥಾರಿಟಿ. ಹಿಂದಿಯವರಿಗೆ ಮತ್ತ ಬ್ಯಾರೇನ, ಅವರ ‘ಅಧಿಕಾರ್’ ಅಂದ್ರ ನಮ್ಮ ಹಕ್ಕು, ನಾವು ಮೂಲಭೂತ ಹಕ್ಕು ಅನ್ನೂದನ್ನ ಅವರು ಮೌಲಿಕ್ ಅಧಿಕಾರ್ ಅಂತಾರ, ಹಂಗಾಗಿ ಹಿಂದಿಯಿಂದ ತಿರುವಿದ ಕಾಗದ ಕನ್ನಡಕ್ಕ ಬಂದಾಗ ಹಕ್ಕು ಹೋಗಿ ಅಧಿಕಾರ ಆಗಿ ಅರ್ಥಾನ ತಿರುವುಮುರುವು ಆಗ್ತತಿ. ಸಂಸ್ಥೆಗೆ ಮಾತ್ರ ನಾವು ಜಾಣತನದಿಂದ ‘ಪ್ರಾಧಿಕಾರ’ ಅಂತ ಬ್ಯಾರೆ ಮಾಡಿಕೊಂಡೇವಿ, ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ ಇದ್ದಂಗ. ಅಲ್ಲಿ ಯಾರಿಗೂ ಗೊಂದಲ ಇಲ್ಲ.

ಈಗ ಎರಡೂ ಶಬ್ದದ ಬೇರಿಗೆ ಬರೂಣು. ಪವರ್ ಬಂದದ್ದು ಲ್ಯಾಟಿನ್ನಿನ ‘ಪೊಸ್ಸೆ’ಯಿಂದ, ಅಂದ್ರ ‘ಆಗೂದು, ಮಾಡಾಕ ಬರೂದು’. ಪಾಸಿಬಲ್, ಪೊಟೆನ್ಶಿಯಲ್ ಎಲ್ಲಾ ಅದ ಮನಿತನ. ನಮ್ಮ ಶಕ್ತಿನೂ ಹಂಗ, ಸಂಸ್ಕೃತದಾಗ ‘ಶಕ್’ ಅಂದ್ರ ಸಾಧ್ಯ ಆಗೂದು, ಶಕ್ಯ ಅಂತೇವಲ್ಲಾ ಅದ ಧಾತು. ಅಂದ್ರ ಪವರ್‌ನಾಗ ಒಳ್ಳೇದು ಕೆಟ್ಟದ್ದು, ಸರಿ ತಪ್ಪು ಏನೂ ಇಲ್ಲ. ಕೈಯಾಗ ಕುಡಗೋಲು ಇದ್ದವನಿಗೆ ಪೈರು ಕೊಯ್ಯೂ ಪವರ್ ಐತಿ, ಹೊಲ ಯಾರದು ಅಂತ ಕುಡಗೋಲು ಕೇಳೂದಿಲ್ಲ.

ಅಥಾರಿಟಿ ಹುಟ್ಟಿದ ಕಥಿ ಇದಕ್ಕಿಂತ ಭಾಳ ಚಂದ ಐತಿ, ನನಗಂತೂ ಇದನ್ನ ಹೇಳಾಕ ಬೇಸರಾನ ಇಲ್ಲ. ಲ್ಯಾಟಿನ್ನಿನ ‘ಔಗೇರೆ’ ಅಂದ್ರ ಬೆಳಸೂದು, ಹೆಚ್ಚು ಮಾಡೂದು. ಅದರಿಂದ ‘ಔಕ್ಟೋರ್’, ಬೆಳಸಿದವನು, ಒಂದು ಕೆಲಸಕ್ಕ ಬೀಜ ಹಾಕಿ ಬೆನ್ನಿಗೆ ನಿಂತವನು. ಆಥರ್ ಅನ್ನೂ ಶಬ್ದ ಇಲ್ಲಿಂದ, ಬೆಲಿ ಏರಿಸ್ಕೊಂತ ಹೋಗೂ ಆಕ್ಷನ್ ಅಂದ್ರ ಲಿಲಾವು, ಅದೂ ಇಲ್ಲಿಂದ. ರೋಮಿನವರು ಎರಡನ್ನೂ ಬ್ಯಾರೆ ಬ್ಯಾರೆ ಇಟ್ಟಿದ್ರು, ಪೊಟೆಸ್ಟಾಸ್ ಅಂದ್ರ ಹುದ್ದೆಯಿಂದ ಬರೂ ಅಧಿಕಾರ, ಔಕ್ಟೋರಿಟಾಸ್ ಅಂದ್ರ ಮಾತಿಗೆ ಇರೂ ತೂಕ. ರೋಮಿನ ರಾಜಕಾರಣಿ ಸಿಸೆರೊ ಬರದಾನ, ಪೊಟೆಸ್ಟಾಸ್ ಜನರ ಹತ್ರ ಇರಲಿ, ಔಕ್ಟೋರಿಟಾಸ್ ಸೆನೆಟ್ ಹತ್ರ ಇರಲಿ ಅಂತ. ಚಕ್ರವರ್ತಿ ಆಗಸ್ಟಸ್ ತನ್ನ ಸಾಧನಿ ಹೇಳಿಕೊಳ್ಳೂಮುಂದ, ಔಕ್ಟೋರಿಟಾಸಿನಾಗ ನಾ ಎಲ್ಲಾರಿಗಿಂತ ಮ್ಯಾಲಿದ್ದೆ, ಪೊಟೆಸ್ಟಾಸ್ ಮಾತ್ರ ಜೋಡಿ ಅಧಿಕಾರಿಗಳಿಗಿಂತ ಹೆಚ್ಚು ಇರಲಿಲ್ಲ ಅಂತ ಕೆತ್ತಿಸ್ಯಾನ. ಅಷ್ಟು ದೊಡ್ಡ ಸೈನ್ಯಾ ಹಿಡಕೊಂಡವನಿಗೂ ಆ ಎರಡನೇ ಶಬ್ದದ ಮ್ಯಾಲೆ ಆಸೆ ಇತ್ತು.

ನಮ್ಮ ಮಾತಿನಾಗ ಇದು ಇಲ್ಲ ಅಂತ ತಿಳಕೋಬ್ಯಾಡ್ರಿ. ‘ಅವರ ಮಾತು ನಡೀತತಿ’ ಅಂದ್ರ ಒಂದು, ‘ಅವರ ಮಾತಿಗೆ ತೂಕ ಐತಿ’ ಅಂದ್ರ ಇನ್ನೊಂದು. ಪಂಚಾಯ್ತಿ ಕಟ್ಟಿ ಮ್ಯಾಲೆ ಕೂತವರಿಗೆ ಈ ಫರಕು ಬರೋಬರಿ ಗೊತ್ತಿರ್ತತಿ. ಮಾತು ನಡಿಯೂದು ಖುರ್ಚಿ ಇರೂತನಕ. ತೂಕ ಖುರ್ಚಿ ಮ್ಯಾಲೆ ಇರೂದಿಲ್ಲ, ಕೇಳವರ ಮನಸಿನಾಗ ಇರ್ತತಿ, ಕೇಳವರು ಕೊಟ್ರ ಉಂಟು.

ಔಕ್ಟೋರ್ ಅಂದ್ರ ಯಾರು ಅಂತ ತಿಳಿಯಾಕ ಧಾರವಾಡದವರು ರೋಮಿಗೆ ಹೋಗಬೇಕಾಗಿಲ್ಲ. ಆಲೂರ ವೆಂಕಟರಾಯರನ್ನ ನೆನಿಸ್ಕೋರಿ. ಕನ್ನಡ ನಾಡು ಮುಂಬೈ, ಮದ್ರಾಸು, ಹೈದ್ರಾಬಾದು, ಮೈಸೂರು ಅಂತ ಹರದು ಹಂಚಿ ಹೋಗಿದ್ದ ಕಾಲದಾಗ ಅವರು ಏಕೀಕರಣದ ಬೀಜ ಹಾಕಿದ್ರು, ಮಂತ್ರಿ ಆಗಿದ್ದಿಲ್ಲ, ಕಲೆಕ್ಟರ್ ಆಗಿದ್ದಿಲ್ಲ, ಯಾರಿಗೂ ಹುಕುಂ ಮಾಡೂ ಪವರ್ ಅವರ ಕೈಯಾಗ ಇರಲಿಲ್ಲ. ಬರದ್ರು, ತಿರಗಾಡಿದ್ರು, ಭಾಷಣ ಮಾಡಿದ್ರು. 1956ರಾಗ ರಾಜ್ಯ ಒಂದಾತು, ಅವರು ಅದನ್ನ ಕಣ್ಣಾರೆ ನೋಡಿದ್ರು. ಜನಾ ಅವರನ್ನ ಕನ್ನಡದ ಕುಲಪುರೋಹಿತ ಅಂದ್ರು, ಆ ಬಿರುದು ಯಾವ ಗೆಜೆಟ್‌ನಾಗೂ ಬರೂ ಹುದ್ದೆ ಅಲ್ಲ, ಅದ ಅಥಾರಿಟಿ. ಗದಗಿನ ಪುಟ್ಟರಾಜ ಗವಾಯಿಗಳದೂ ಹಂಗ. ಕಣ್ಣು ಕಾಣದ ಒಬ್ಬರು ವೀರೇಶ್ವರ ಪುಣ್ಯಾಶ್ರಮದಾಗ ಕೂತು ಒಂದು ಮಾತು ಅಂದ್ರ ದೊಡ್ಡ ದೊಡ್ಡವರು ಬಂದು ಕೈಮುಗದು ಕೇಳತಿದ್ರು. ಸಂಗೀತದಾಗ ಅವರು ಅಥಾರಿಟಿ ಅಂದ್ರ ಯಾರೂ ಜಗಳಾ ತಗಿಯೂದಿಲ್ಲ, ‘ಪವರ್’ ಅಂದ್ರ ವಾಕ್ಯಾನ ಕೆಡತತಿ.

ಇಂಥ ಅಥಾರಿಟಿಯನ್ನ ಒಪ್ಪಲಿಲ್ಲ ಅಂದಾಗ ಬರೂದು ಫೋರ್ಸ್. ಅದಕ್ಕ ಕಿತ್ತೂರ ಸಾಕು. 1824ರಾಗ ಅಲ್ಲಿನ ದೊರಿ ತೀರಿಕೊಂಡ್ರು, ದತ್ತಕ ತಗೊಂಡದ್ದನ್ನ ಈಸ್ಟ್ ಇಂಡಿಯಾ ಕಂಪನಿ ಮಾನ್ಯ ಮಾಡಲಿಲ್ಲ, ನಮ್ಮ ಮಂಜೂರಿ ಇಲ್ಲದ ದತ್ತಕ ನಡಿಯೂದಿಲ್ಲ ಅನ್ನೂದು ಅವರ ವಾದ. ಅಂದ್ರ ಅವರು ಕೇಳಿದ್ದು ಅಥಾರಿಟಿ. ರಾಣಿ ಚೆನ್ನಮ್ಮ ಅದನ್ನ ಒಪ್ಪಲಿಲ್ಲ. ಒಪ್ಪಲಿಲ್ಲ ಅಂದಕೂಡಲೇ ಧಾರವಾಡದ ಕಲೆಕ್ಟರ್ ಥ್ಯಾಕರೆ ತೋಫು ತಗೊಂಡು ಕೋಟೆ ಮುಂದ ಬಂದ, ಅಕ್ಟೋಬರ್ 23ಕ್ಕ ಅಲ್ಲೇ ಸತ್ತ. ಡಿಸೆಂಬರಿನಾಗ ಇನ್ನೂ ದೊಡ್ಡ ಸೈನ್ಯ ತಂದು ಕೋಟೆ ಹಿಡದ್ರು. ಫೋರ್ಸ್ ಗೆದ್ದತು, ಆಳೂ ಪವರ್ ಬಂತು. ಅಥಾರಿಟಿ ಬಂತೇನು? ಎರಡು ನೂರು ವರ್ಷ ಆತು, ಹುಬ್ಬಳ್ಳಿ ನಟ್ಟನಡುವ ಸರ್ಕಲ್ಲಿಗೆ ಹೆಸರು ಇರೂದು ಚೆನ್ನಮ್ಮಂದು. ‘ಪೊಲೀಸರು ಅಥಾರಿಟಿ ಬಳಸಿ ಲಾಠಿ ಬೀಸಿದರು’ ಅಂತ ಬರಿಯವರು ಇದನ್ನ ಒಂದೀಟು ಯೋಚನಿ ಮಾಡಬೇಕು. ಲಾಠಿ ಬೀಸಾಕ ಕಾಯ್ದೆ ಕೊಟ್ಟ ಅಥಾರಿಟಿ ಇರಬಹುದು, ಬೀಸಿದ್ದು ಫೋರ್ಸ್.

ಸ್ಟ್ರೆಂತ್ ಬಗ್ಗೆ ಹೆಚ್ಚು ಹೇಳೂದಿಲ್ಲ, ಎತ್ತಿನ ಕಸುವು, ಗೋಡಿಯ ಗಟ್ಟಿತನ, ತನ್ನೊಳಗ ಇರೂದು, ನಮ್ಮ ‘ತಾಕತ್ತು’ ಹತ್ತಿರದ ಮಾತು. ಮೈಟ್ ಅನ್ನೂದು ದಿನದ ಮಾತಿನಾಗ ಕಡಿಮಿ, ‘ಮೇ’ ಅನ್ನೂ ಕ್ರಿಯಾಪದದ ಬಳಗ ಅದು, ಜರ್ಮನ್ನಿನ ‘ಮಾಖ್ಟ್’ ಅದರ ಅಣ್ಣತಮ್ಮ.

ಕರೆಂಟಿನ ಪವರ್ ಮಾತ್ರ ಬಿಡಾಕ ಬರೂದಿಲ್ಲ, ಅಲ್ಲಿ ತಪ್ಪಿದ್ರ ರೊಕ್ಕಾನ ಹೋಗತತಿ. ಸಾಲಿ ಪುಸ್ತಕದಾಗ ಎನರ್ಜಿಗೆ ಶಕ್ತಿ, ಫೋರ್ಸಿಗೆ ಬಲ, ಪವರ್‌ಗೆ ಸಾಮರ್ಥ್ಯ ಅಂತ ಚೊಕ್ಕ ಕಲಿಸಿರ್ತಾರ. ಹೊರಗ ಬಂದಕೂಡಲೇ ಹಾರ್ಸ್‌ಪವರ್‌ಗೆ ‘ಅಶ್ವಶಕ್ತಿ’ ಅಂತೇವಿ, ಅಲ್ಲಿಗೆ ಕಲಿತದ್ದೆಲ್ಲಾ ನೀರಾಗ ಹೋತು, ನ್ಯಾಯವಾಗಿ ಅದು ಅಶ್ವಸಾಮರ್ಥ್ಯ ಆಗಬೇಕು. ಒಂದು ಎಚ್‌ಪಿ ಅಂದ್ರ ಸುಮಾರು 746 ವ್ಯಾಟ್. ಐದು ಎಚ್‌ಪಿ ಬೋರ್‌ವೆಲ್ ಮೋಟರ್ ಅಂದ್ರ ಸುಮಾರು 3.7 ಕಿಲೋವ್ಯಾಟ್, ಅದು ಪವರ್, ಎಷ್ಟು ಜೋರಿಲೆ ದುಡೀತತಿ ಅನ್ನೂ ಲೆಕ್ಕ. ಯೂನಿಟ್ ಅಂದ್ರ ಎನರ್ಜಿ, ಒಂದು ಕಿಲೋವ್ಯಾಟ್ ಒಂದು ತಾಸು ನಡದ್ರ ಒಂದು ಯೂನಿಟ್. ಮನಿ ಬಿಲ್ ತಗದು ನೋಡ್ರಿ, ಮಂಜೂರಾದ ಲೋಡ್ ಕಿಲೋವ್ಯಾಟಿನಾಗ ಇರ್ತತಿ, ಸುಟ್ಟದ್ದು ಯೂನಿಟ್‌ನಾಗ. ‘ನಮ್ಮ ಗೀಜರ್ ಎರಡು ಕಿಲೋವ್ಯಾಟ್ ತಿಂತತಿ’ ಅಂದ್ರ ಅರ್ಧಾ ಮಾತು, ಎಷ್ಟು ಹೊತ್ತು ಹಚ್ಚಿದಿ ಅನ್ನೂದು ಉಳಿದರ್ಧಾ. ಕಪ್ಪತಗುಡ್ಡದ ಮ್ಯಾಲಿನ ಗಾಳಿಯಂತ್ರ ಇಷ್ಟು ಮೆಗಾವ್ಯಾಟಿಂದು ಅಂತಾರ, ಗಾಳಿ ಬೀಸದ ದಿನ ಮೆಗಾವ್ಯಾಟ್ ಅಷ್ಟ ಇರ್ತತಿ, ಯೂನಿಟ್ ಹುಟ್ಟೂದಿಲ್ಲ.

ಕಡೀಕ ಇನ್‌ಫ್ಲೂಯೆನ್ಸ್. ಇದರ ಅರ್ಥ ‘ಒಳಗ ಹರಿಯೂದು’, ನಕ್ಷತ್ರದಿಂದ ಏನೋ ಒಂದು ಹರದು ಬಂದು ಮನುಷ್ಯಾನ ಒಳಗ ಇಳೀತತಿ ಅಂತ ಹಳೇ ಜ್ಯೋತಿಷಿಗಳು ನಂಬಿದ್ರು, ಆ ಶಬ್ದ ಅಲ್ಲಿಂದ, ಇನ್‌ಫ್ಲೂಯೆಂಜಾ ಜ್ವರದ ಹೆಸರೂ ಅಲ್ಲಿಂದ. ಬೇಂದ್ರೆಯವರ ಪ್ರಭಾವ ಧಾರವಾಡದ ಮ್ಯಾಲೆ ಐತಿ ಅಂದ್ರ ಇದು. ‘ಸಾಹೇಬ್ರಿಗೆ ಇನ್‌ಫ್ಲೂಯೆನ್ಸ್ ಮಾಡಿಸಿ ಕೆಲಸಾ ತಗೊಂಡ’ ಅಂದ್ರ ಇದಲ್ಲ, ಅದಕ್ಕ ನಮ್ಮ ಹತ್ರ ವಶೀಲಿ ಅಂತ ಪಕ್ಕಾ ಶಬ್ದ ಐತಿ, ಅದನ್ನ ಬಳಸ್ರಿ.

ಅಜ್ಜಾರ ಕಾಗದಕ್ಕ ತಲಿಬರಹ ‘ವಟಮುಖತ್ಯಾರ ಪತ್ರ’ ಅಂತ ಹೊಡದೆ. ‘ಸಂಪೂರ್ಣ ಶಕ್ತಿ’ ತಗದು, ಏನೇನು ಮಾಡಬೇಕಾಗೇತಿ ಹೇಳ್ರಿ ಅಂತ ಕೇಳಿದೆ. ಮೊಣಕಾಲ ನೋವು, ಓಡ್ಯಾಡಾಕ ಆಗೂದಿಲ್ಲ, ಅಳಿಯ ಸರ್ವೇ ದಿನ ಹೊಲದಾಗ ನಿಂದ್ರಬೇಕು, ಉತಾರ (ಪಹಣಿ) ತಗಿಸಬೇಕು, ಅರ್ಜಿಗೆ ಸಹಿ ಮಾಡಬೇಕು, ಇಷ್ಟ ಅಂದ್ರು. ಮೂರೂ ಕೆಲಸ ಒಂದೊಂದಾಗಿ ಬರದು, ‘ಇಷ್ಟನ್ನು ಮಾತ್ರ ನನ್ನ ಪರವಾಗಿ ಮಾಡಲು ನೇಮಿಸಿರುತ್ತೇನೆ’ ಅಂತ ಸೇರಿಸಿ ಓದಿ ಹೇಳಿದೆ.

“ಮಾರಾಕ ಬರತತೇನು ಇದರ ಮ್ಯಾಲೆ ಅವಗ?”

“ಇಲ್ರಿ ಅಜ್ಜಾರ, ಮಾರೂದು ಇದರಾಗ ಬರದಿಲ್ಲ.”

“ಆ ‘ಮಾತ್ರ’ ಅನ್ನೂದು ಎಲ್ಲೈತಿ, ತೋರ್ಸು” ಅಂದ್ರು. ತೋರಿಸಿದೆ. ಚಾಳೀಸು ಹಾಕ್ಕೊಂಡು ಅಕ್ಷರ ಕೂಡಿಸಿ ತಾವ ಒಮ್ಮೆ ಓದಿಕೊಂಡು, ಆಮ್ಯಾಲೆ ಪೆನ್ನು ಕೇಳಿದ್ರು.