ಬೆಂಗಳೂರಿಗೆ ಹೋಗುವ ಚೀಲ

ಚೌತಿ ಮುಗಿದ ವಾರ, ದೀಪಾವಳಿ ಮುಗಿದ ವಾರ ಕುಮಟಾದ ನನ್ನ ದವಾಖಾನೆಗೆ ಬೆಂಗಳೂರಿನ ಮಕ್ಕಳು ಬರುತ್ತಾರೆ. ತಾವಾಗಿ ಬರುವವರು ಕಡಿಮೆ, ಆಯಿ ಎಳೆದುಕೊಂಡು ಬಂದಿರುತ್ತಾಳೆ. "ರಾತ್ರಿ ಬಸ್ಸಿಗೆ ಹೊರಟಿದ್ದಾನೆ ಡಾಕ್ಟ್ರೇ, ಅಷ್ಟರೊಳಗೆ ಒಂದ್ಸಲ ನೋಡಿಬಿಡಿ."

ಹಾಗೆ ಬಂದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ಸ್ವಲ್ಪ ಬದಲಿಸಿ. ಅಡಿಕೆ ತೋಟದ ಮನೆಯವನು, ವಯಸ್ಸು 31, ಎತ್ತರ 170 ಸೆಂ.ಮೀ. ಕೆಲಸ ಸಿಕ್ಕಿ ಊರು ಬಿಡುವಾಗ 62 ಕಿಲೋ ಇದ್ದವನು ಎಂಟು ವರ್ಷದಲ್ಲಿ 78 ಆಗಿದ್ದ. ಹೊಟ್ಟೆಯ ಸುತ್ತಳತೆ 98 ಸೆಂ.ಮೀ. ನಮ್ಮ ಗಂಡಸರಿಗೆ ಅದು 90 ದಾಟಬಾರದು, ಹೆಂಗಸರಿಗೆ 80. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆಯೇ. 150ರ ಒಳಗಿರಬೇಕಾದ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, 260 ಇತ್ತು.

ಆಯಿ ಕಂಗಾಲಾದರು. "ಹೊರಗಿಂದು ತಿನ್ನೋದೇ ಕಮ್ಮಿ ಡಾಕ್ಟ್ರೇ. ತಿಂಗಳಾ ತಿಂಗಳಾ ಮನೆಯಿಂದಲೇ ಕಳಿಸ್ತೇವೆ."

ಚೀಲದಲ್ಲಿ ಏನೇನು ಹಾಕ್ತೀರಿ ಅಂತ ಕೇಳಿದೆ. ಬೆರಳು ಮಡಚುತ್ತಾ ಹೇಳಿದರು: ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸು, ಚಕ್ಕುಲಿ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ತುಪ್ಪ, ಸಿಕ್ಕಿದರೆ ತೊಡದೇವು. ಎಲ್ಲವೂ ಪ್ರೀತಿಯಿಂದ ಮಾಡಿದ್ದು, ಶುದ್ಧವಾದದ್ದು, ನಿಜ. ಆದರೆ ಅದರಲ್ಲಿ ಉಪ್ಪಿದೆ, ಬೆಲ್ಲವಿದೆ, ಕರಿದದ್ದಿದೆ, ಒಂದೆಲೆ ಸೊಪ್ಪಿಲ್ಲ. ಮನೆಯಲ್ಲಿ ಬಾಳೆಯ ತುದಿಗೆ ಬೀಳುವ ಪದಾರ್ಥಗಳು ಬೆಂಗಳೂರಿನಲ್ಲಿ ಊಟವೇ ಆಗಿಬಿಟ್ಟಿವೆ. ಕೆಡದೆ ಉಳಿಯುವುದು ಮಾತ್ರ ಬಸ್ಸು ಹತ್ತುತ್ತದೆ, ಕೆಡದೆ ಉಳಿಯಬೇಕಾದರೆ ಉಪ್ಪೋ ಸಕ್ಕರೆಯೋ ಎಣ್ಣೆಯೋ ಬೇಕು. ವಯಸ್ಕರಿಗೆ ದಿನಕ್ಕೆ 5 ಗ್ರಾಮ್ ಒಳಗೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಚಹಾ ಚಮಚ, ಅಡುಗೆಯದ್ದೂ ಸೇರಿ.

ಈ ಹುಡುಗ ಊರಲ್ಲಿದ್ದಾಗ ಮಧ್ಯಾಹ್ನ ಏನು ಉಣ್ಣುತ್ತಿದ್ದ? ಅನ್ನ, ತಂಬುಳಿ, ಒಂದು ಪಲ್ಯ, ಸಾರು, ಕೊನೆಗೆ ಮಜ್ಜಿಗೆ. ಹಿತ್ತಲಿಗೆ ಹೋಗಿ ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಒಂದು ಹಿಡಿ ಕಿತ್ತು, ಜೀರಿಗೆ–ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ಬೀಸಿ, ಮಜ್ಜಿಗೆಗೆ ಕದಡಿದರೆ ಹತ್ತು ನಿಮಿಷದಲ್ಲಿ ತಂಬುಳಿ. ನಾಳೆ ಬೇರೆ ಕುಡಿ, ನಾಡಿದ್ದು ಇನ್ನೊಂದು. ಅದನ್ನು ನಾವು ಎಂದೂ ಔಷಧಿ ಅಂದುಕೊಂಡು ಉಂಡಿಲ್ಲ, ಹೋದದ್ದು ಗೊತ್ತೂ ಆಗುವುದಿಲ್ಲ. ಸಸ್ಯಾಹಾರಿಗಳಿಗೆ ಬಿ12 ವಿಟಮಿನ್ ಸಿಗುವುದು ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆಯಿಂದ. ಪಟ್ಟಣದಲ್ಲಿ ಹಾಲು ಚಹಾಕ್ಕೆ ಹಾಕುವ ಎರಡು ಚಮಚಕ್ಕೆ ಇಳಿಯುತ್ತದೆ. ಕೈಕಾಲು ಜೋಮು ಹಿಡಿಯುತ್ತದೆ, ಸುಸ್ತು ಅನ್ನುತ್ತಾ ಬರುವ ಹುಡುಗಿಯರಲ್ಲಿ ನಾನು ಮೊದಲು ನೋಡುವುದೇ ಬಿ12 ಮತ್ತು ಹಿಮೋಗ್ಲೋಬಿನ್.

ಇನ್ನು ಅನ್ನದ ವಿಷಯ. "ಅಜ್ಜ ಮೂರು ಹೊತ್ತು ಅನ್ನ ಉಂಡು ಎಂಬತ್ತು ವರ್ಷ ಬದುಕಲಿಲ್ಲವೇ?" ಎಂದು ಕೇಳದವರಿಲ್ಲ. ಅಜ್ಜ ಉಂಡದ್ದು ಕುಚ್ಚಲಕ್ಕಿ. ಭತ್ತ ಬೇಯಿಸುವಾಗ ತೌಡಿನಲ್ಲಿರುವ ಬಿ ವಿಟಮಿನ್‌ಗಳು ಸ್ವಲ್ಪ ಕಾಳಿನೊಳಗೆ ಇಳಿಯುತ್ತವೆ, ಅನ್ನ ಜೀರ್ಣವಾಗುವುದೂ ನಿಧಾನ. ಉಂಡ ಮೇಲೆ ಅಜ್ಜ ತೋಟಕ್ಕೆ ಇಳಿಯುತ್ತಿದ್ದ. ಅನ್ನದ ಪಿಷ್ಟ ಗ್ಲೂಕೋಸ್ ಆಗಿ ರಕ್ತಕ್ಕೆ ಬಂದಾಗ ಅದನ್ನು ಹೆಚ್ಚು ಎಳೆದುಕೊಳ್ಳುವುದು ದುಡಿಯುವ ಸ್ನಾಯು. ಸ್ನಾಯು ಕುರ್ಚಿಯಲ್ಲಿ ಕೂತಿದ್ದರೆ ಉಳಿದ ಗ್ಲೂಕೋಸನ್ನು ಲಿವರ್ ಕೊಬ್ಬಾಗಿ ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ರಕ್ತಕ್ಕೂ ಬಿಡುತ್ತದೆ. ಹುಡುಗನ ಟ್ರೈಗ್ಲಿಸರೈಡ್ 260 ಆದದ್ದು ಹೀಗೆ. ಅವನು ಎಣ್ಣೆಯನ್ನೇ ದೂರುತ್ತಿದ್ದ. ನಾನು ಕೇಳಿದ್ದು ರಾತ್ರಿ ಊಟ ಎಷ್ಟು ಗಂಟೆಗೆ ಅಂತ. ಹತ್ತೂವರೆಗೆ ಬಿಳಿ ಅನ್ನ, ಹಪ್ಪಳ, ಉಪ್ಪಿನಕಾಯಿ, ಹನ್ನೊಂದೂವರೆಗೆ ನಿದ್ದೆ.

ಎಲ್ಲಾ ವಂಶದಿಂದ ಬಂದದ್ದು ಅನ್ನುವವರಿಗೆ ಒಂದು ಅಧ್ಯಯನ ತೋರಿಸುತ್ತೇನೆ. ಲಖನೌ, ನಾಗಪುರ, ಹೈದರಾಬಾದ್, ಬೆಂಗಳೂರಿನ ಕಾರ್ಖಾನೆಗಳಿಗೆ ಹಳ್ಳಿಯಿಂದ ಬಂದ ಕೆಲಸಗಾರರನ್ನೂ ಹಳ್ಳಿಯಲ್ಲೇ ಉಳಿದ ಅವರ ಒಡಹುಟ್ಟಿದವರನ್ನೂ ಹೋಲಿಸಿ ನೋಡಿದ್ದು, 2010ರಲ್ಲಿ ಪ್ರಕಟವಾಯಿತು. ಹಳ್ಳಿಯಲ್ಲೇ ಉಳಿದ ಗಂಡಸರಲ್ಲಿ ಸಕ್ಕರೆ ಕಾಯಿಲೆ ಶೇ. 6.2, ವಲಸೆ ಬಂದವರಲ್ಲಿ ಶೇ. 14.3. ಬೊಜ್ಜು ಶೇ. 19 ಇದ್ದದ್ದು ಶೇ. 37.8. ಒಂದೇ ಅಪ್ಪ–ಅಮ್ಮನ ಮಕ್ಕಳ ನಡುವೆ ಇಷ್ಟು ಅಂತರ.

ಊರಲ್ಲಿದ್ದವರು ನಿಶ್ಚಿಂತೆಯಿಂದ ಇರಬಹುದು ಅಂತಲೂ ಅಲ್ಲ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ಸಕ್ಕರೆ ಕಾಯಿಲೆ ಪಟ್ಟಣದಲ್ಲಿ ಹೆಚ್ಚಾದರೂ ಅದರ ಹೊಸ್ತಿಲಲ್ಲಿ ನಿಂತವರು ಹಳ್ಳಿಯಲ್ಲೂ ಪಟ್ಟಣದಲ್ಲೂ ಹೆಚ್ಚುಕಡಿಮೆ ಸಮ, ಶೇ. 15ರ ಆಸುಪಾಸು.

ಕಡಲ ಬದಿಯ ಮನೆಗಳಲ್ಲೂ ಇದೇ ಕಥೆ. ಇಲ್ಲಿ ಬೆಳಿಗ್ಗೆ ದಡಕ್ಕೆ ಬಂದ ಬಂಗುಡೆ, ತಾರ್ಲೆ ಮಧ್ಯಾಹ್ನ ಗಂಜಿಯ ಜೊತೆ ಸಾರಾಗಿ ಬಟ್ಟಲಿಗೆ ಬರುತ್ತದೆ. ಹೃದಯಕ್ಕೆ ಒಳ್ಳೆಯ ಒಮೆಗಾ–3 ಕೊಬ್ಬು ಈ ಅಗ್ಗದ ಮೀನುಗಳಲ್ಲೇ ಧಾರಾಳ. ಬೆಂಗಳೂರಿನ ಚೀಲಕ್ಕೆ ಹೋಗುವುದು ಉಪ್ಪು ಹಾಕಿದ ಒಣಮೀನು. ಅಲ್ಲಿ ದಿನಾ ಸಿಗುವುದು ಕೋಳಿ, ಅದೂ ಕರಿದದ್ದು.

ನನಗೆ ಹೆಚ್ಚು ಸಂಕಟವಾಗುವುದು ಹೋಟೆಲ್ ಕೆಲಸಕ್ಕೆ ಹೋದ ಹುಡುಗರನ್ನು ನೋಡಿದಾಗ. ಹೊನ್ನಾವರ ಕಡೆಯ ಒಬ್ಬ, ಇಪ್ಪತ್ತೆರಡರ ವಯಸ್ಸು, ನೂರಾರು ಜನರಿಗೆ ಬಡಿಸಿ ತಾನು ಮಧ್ಯಾಹ್ನ ಮೂರೂವರೆಗೆ ಉಣ್ಣುತ್ತಾನೆ, ರಾತ್ರಿ ಹನ್ನೆರಡಕ್ಕೆ. ನಡುವೆ ಹೊಟ್ಟೆ ಹಿಡಿದುಕೊಳ್ಳಲು ಆರೇಳು ಚಹಾ. ಎದೆಯುರಿ ಎಂದು ಬಂದಿದ್ದ. ಅವನಿಗೆ ತಂಬುಳಿ ಮಾಡಿಕೋ ಎಂದು ಹೇಳುವುದು ಅನ್ಯಾಯ. ಮಲಗಲು ಆರು ಜನರ ಒಂದು ಕೋಣೆ, ಒಲೆಯಿಲ್ಲ. ಚಹಾ ಎರಡಕ್ಕೆ ಇಳಿಸು, ಮಧ್ಯೆ ಬಾಳೆಹಣ್ಣು ತಿನ್ನು, ರಾತ್ರಿಯ ಊಟ ಅರ್ಧಕ್ಕೆ ನಿಲ್ಲಿಸು ಅಂದೆ. ಅವನಿಗೆ ಬೇಕಾದದ್ದು ಊಟಕ್ಕೆ ಹೊತ್ತಿಗೆ ಸರಿಯಾಗಿ ಬಿಡುವ ಮಾಲೀಕ.

ಅಡುಗೆ ಮಾಡಿಕೊಳ್ಳುವ ಅನುಕೂಲ ಇದ್ದವರ ಆಯಿಯಂದಿರಿಗೆ ಮಾತ್ರ ನಾನು ಚೀಲ ಬದಲಿಸಲು ಹೇಳುತ್ತೇನೆ. ಕುಚ್ಚಲಕ್ಕಿ ಕಳಿಸಿ. ಹುರುಳಿ, ಅಲಸಂದೆ, ಹೆಸರು ಕಳಿಸಿ, ಅನ್ನ ತಾನಾಗಿ ಕಡಿಮೆಯಾಗುತ್ತದೆ. ಒಣಗಿಸಿದ ಮುರುಗಲು (ಪುನರ್ಪುಳಿ) ಸಿಪ್ಪೆ ಉಪ್ಪಿಲ್ಲದೆಯೂ ತಿಂಗಳುಗಟ್ಟಲೆ ಇರುತ್ತದೆ, ಸಾರಿಗೆ ಸಾಕು. ಒಣ ದಾಳಿಂಬೆ ಸಿಪ್ಪೆಯ ತಂಬುಳಿಗೆ ಹಿತ್ತಲು ಬೇಡ, ಮೆಂತೆ–ಜೀರಿಗೆಯದಕ್ಕೂ ಬೇಡ. ಬಸಳೆಯ ನಾಲ್ಕು ದಂಟು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರೆ ಬೆಂಗಳೂರಿನ ಬಾಲ್ಕನಿಯ ಕುಂಡದಲ್ಲಿ ಚಿಗುರುತ್ತದೆ, ದೊಡ್ಡಪತ್ರೆ ಅಂತೂ ಟೊಂಗೆ ಊರಿದರೆ ಸಾಕು. ಹಪ್ಪಳ ಹಬ್ಬಕ್ಕಿರಲಿ. ಮಕ್ಕಳಿಗೆ ಹೇಳುವುದು ಎರಡೇ: ರಾತ್ರಿ ಎಂಟರೊಳಗೆ ಊಟ, ಆಗದ ದಿನ ಅನ್ನ ಬಿಟ್ಟು ಬರೀ ಪಲ್ಯ–ಮಜ್ಜಿಗೆ, ಉಂಡ ಮೇಲೆ ಹದಿನೈದು ನಿಮಿಷ ನಡಿಗೆ.

ಆ ಹುಡುಗ ಆರು ತಿಂಗಳ ನಂತರ ಬಂದಾಗ 72 ಕಿಲೋ, ಎಚ್‌ಬಿಎ1ಸಿ 5.7. ಇನ್ನೂ ಹೊಸ್ತಿಲಿನ ಮೇಲೇ ಇದ್ದಾನೆ, ಆದರೆ ಹೊರಕ್ಕೆ ಮುಖ ಮಾಡಿದ್ದಾನೆ. ಚೀಲದಲ್ಲಿ ಬಸಳೆ ದಂಟು ಎರಡನೇ ಸಲ ಹೋಗಿದೆ, ಮೊದಲಿನದ್ದು ನೀರು ಹೆಚ್ಚಾಗಿ ಕೊಳೆಯಿತಂತೆ.

ಕೊನೆಗೆ ಪರೀಕ್ಷೆಯ ಬಗ್ಗೆ, ಏಕೆಂದರೆ ಪ್ರತಿ ಹಬ್ಬದಲ್ಲೂ ಇದೇ ಮಾತು ಕೇಳುತ್ತೇನೆ: "ನಿನ್ನೆ ಹೋಳಿಗೆ ತಿಂದಿದ್ದೇನೆ, ಮುಂದಿನ ಸಲ ಮಾಡಿಸ್ತೇನೆ." ಎಚ್‌ಬಿಎ1ಸಿಗೆ ನಿನ್ನೆಯ ಹೋಳಿಗೆ ಲೆಕ್ಕಕ್ಕಿಲ್ಲ, ಖಾಲಿ ಹೊಟ್ಟೆಯೂ ಬೇಡ. ಆದರೆ ರಕ್ತಹೀನತೆ ಇದ್ದರೆ ಅದರ ಅಂಕಿ ತಪ್ಪಬಹುದು, ಹಾಗಾಗಿ ಹಿಮೋಗ್ಲೋಬಿನ್ ಜೊತೆಗೇ ನೋಡಿಸಿ. ಬಸ್ಸು ರಾತ್ರಿಗೆ, ರಕ್ತ ಕೊಡಲು ಬೆಳಿಗ್ಗೆ ಐದು ನಿಮಿಷ ಸಾಕು.