ಓದುಗರ ಪ್ರಶ್ನೆ: ನದಿ ಸೇರುವ ಕಡೆ ಹವಳ ಯಾಕೆ ಬೆಳೆಯಲ್ಲ?

ಪ್ರಶ್ನೆ: ನಮ್ಮ ಹರಿಹರದ ಹೊಳೆ ನೀರೂ ಕೊನೆಗೆ ಸಮುದ್ರಕ್ಕೇ ಹೋಗುತ್ತದೆ. ಸಿಹಿನೀರು ಬಂದರೆ ಹವಳಕ್ಕೆ ಒಳ್ಳೆಯದೇ ಅಲ್ವಾ? ಮತ್ಯಾಕೆ ಅಳಿವೆಯ ಹತ್ತಿರ ಅದು ಬೆಳೆಯೋದು ಕಷ್ಟ ಅಂತಾರೆ?

ಮಳೆಗಾಲದಲ್ಲಿ ತುಂಗಭದ್ರೆಗೆ ಹೊಸ ನೀರು ಬಂದಾಗ ಒಂದು ತಂಬಿಗೆ ತುಂಬಿ ತಂದು ರಾತ್ರಿಯಿಡೀ ಸುಮ್ನೆ ಇಟ್ಟುಬಿಡಿ. ಬೆಳಿಗ್ಗೆ ಮೇಲೆ ತಿಳಿನೀರು, ತಳದಲ್ಲಿ ಬೆರಳಿಗೆ ಅಂಟುವ ನುಣ್ಣನೆ ಮಣ್ಣು. ಅರ್ಧ ಉತ್ತರ ಆ ತಳದಲ್ಲೇ ಇದೆ.

ಸರದಲ್ಲಿ ಪೋಣಿಸಿದ್ದನ್ನಷ್ಟೇ ನೋಡಿದವರಿಗೆ ಹವಳ ಅಂದರೆ ಕಲ್ಲು. ಸಮುದ್ರದಲ್ಲಿ ಅದು ಜೀವ. ದಿಬ್ಬ ಕಟ್ಟುವ ಹವಳ ಅಂದರೆ ಪುಟ್ಟ ಪುಟ್ಟ ಪ್ರಾಣಿಗಳ ದೊಡ್ಡ ಸಂಸಾರ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಬಿಸಿಲಲ್ಲಿ ಅಡುಗೆ ಮಾಡುವುದು ಆ ಪಾಚಿಯೇ, ಹವಳದ ಊಟ ಬಹುಪಾಲು ಅದರಿಂದಲೇ. ನೀರು ಕದಡಿದರೆ ಒಲೆ ಆರಿದ ಹಾಗೆ. ಹೂಳು ಮೈಮೇಲೂ ಕೂರುತ್ತದೆ. ಹವಳ ಲೋಳೆ ಸುರಿಸಿ ಅದನ್ನು ಜಾರಿಸಲು ನೋಡುತ್ತದೆ. ದಿನಾ ಬೀಳುತ್ತಿದ್ದರೆ ಶಕ್ತಿಯೆಲ್ಲ ಅದಕ್ಕೇ ಖರ್ಚು. ಮರಿಗಳ ಪಾಡಂತೂ ಕೇಳಬೇಡಿ. ಕಚ್ಚಿಕೊಳ್ಳಲು ಗಟ್ಟಿ ಬಂಡೆ ಬೇಕು, ಬಂಡೆಯ ಮೇಲೆಲ್ಲ ಕೆಸರು.

ಇನ್ನು ಸಿಹಿನೀರು. ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಹವಳದ ಮೈ ಅದಕ್ಕೇ ಒಗ್ಗಿದೆ. ಸಿಹಿನೀರು ಹಗುರ, ಮೇಲೆ ತೇಲುತ್ತದೆ. ಹಾಗಾಗಿ ಆಳ ಕಡಿಮೆ ಇರುವ ಕಡೆಯ ಹವಳಕ್ಕೇ ಮೊದಲ ಪೆಟ್ಟು. ಆಸ್ಟ್ರೇಲಿಯಾದ ಫಿಟ್ಜ್‌ರಾಯ್ ನದಿಗೆ 2011ರಲ್ಲಿ ನೆರೆ ಬಂದಾಗ ಕೆಪೆಲ್ ದ್ವೀಪಗಳ ಸುತ್ತ ಹೀಗೇ ಆಯಿತು.

ನಮ್ಮ ತುಂಗಭದ್ರೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಕೃಷ್ಣೆ, ಗೋದಾವರಿ, ಮಹಾನದಿಯ ಮುಖಗಳಲ್ಲಿ ದೊಡ್ಡ ಹವಳದ ದಿಬ್ಬಗಳಿಲ್ಲ. ಅವು ಇರುವುದು ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿ, ಕಛ್ ಕೊಲ್ಲಿಯ ಕಡೆ.

ಮಣ್ಣು ಎಂದಿನಿಂದಲೂ ಬರುತ್ತಿತ್ತು, ಹವಳ ಅದರಿಂದ ದೂರ ನಿಂತು ಬದುಕಿತು. ನನಗೆ ಜಾಸ್ತಿ ಚಿಂತೆ ನಾವು ಸೇರಿಸಿದ ಗೊಬ್ಬರ ಮತ್ತು ಚರಂಡಿ ನೀರಿನದು. ಭದ್ರಾ ನಾಲೆಯ ಕೆಳಗೆ ಭತ್ತ ಬೆಳೆಯುವವರಿಗೆ ಗೊತ್ತು, ಯೂರಿಯಾ ಬಸಿದು ಹೋದ ಕಾಲುವೆಯಲ್ಲಿ ಪಾಚಿ ಹೇಗೆ ಹಬ್ಬುತ್ತದೆ ಅಂತ. ಸಮುದ್ರದಲ್ಲೂ ಅಷ್ಟೇ, ಮೈಯೊಳಗಿನ ಪಾಚಿಯಲ್ಲ, ಹೊರಗೆ ಬೆಳೆಯುವ ಬೇರೆ ಪಾಚಿ ಹವಳವನ್ನು ಮುಚ್ಚಿಬಿಡುತ್ತದೆ. ಹವಾಯಿಯ ಕನೆಯೋಹೆ ಕೊಲ್ಲಿಗೆ ಬರುತ್ತಿದ್ದ ಚರಂಡಿ ನೀರನ್ನು 1977-78ರಲ್ಲಿ ಬೇರೆ ಕಡೆ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ಪಾಚಿ ಕಡಿಮೆಯಾಗಿ, ಅದು ಮುಚ್ಚಿದ್ದ ಜಾಗದಲ್ಲಿ ಹವಳ ಮತ್ತೆ ಹರಡಿತು.